ಹುಲ್ಲು ಕೊಚ್ಚಿದಾಗ ಬರೋ ವಾಸನೆ ಗಿಡದ ಕೂಗಾ? (ಜೊತೆಗೆ ಒಂದು ಬಾಟಲಿ ಔಷಧಿಯ ವಿಚಾರ)

ನಿಟ್ಟೂರು_ತೋಟ
ಮೊನ್ನೆ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯ್ತು ಅಂತ ತೋಟಕ್ಕೆ ಕಳೆ ಹೊಡೆಯೋ ಮಿಷನ್ ಇಳಿಸಿದ್ದೆ. ಒಂದು ಬಣ್ಣ (ತೋಟದ ಒಂದು ಪಟ್ಟೆ) ಮುಗಿಸಿ ಮನೆಗೆ ಬಂದರೆ ಮೈಯೆಲ್ಲ ಹಸಿ ಹುಲ್ಲಿನ ವಾಸನೆ. ಮಗಳು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದ್ತಾಳೆ, ರಜಕ್ಕೆ ಬಂದಿದ್ದಳು. "ಅಪ್ಪಾ, ಅದು ವಾಸನೆ ಅಲ್ಲ, ಹುಲ್ಲು ಕೂಗಿಕೊಳ್ತಿರೋದು" ಅಂದಳು. ಅಮ್ಮ ಅಲ್ಲೇ ಮೆಟ್ಟುಗತ್ತಿ ಮುಂದೆ ಕೂತು ಕೊತ್ತಂಬರಿ ಹೆಚ್ಚುತ್ತಿದ್ದವಳು, "ಹಂಗಾರೆ ನಾನು ಐವತ್ತು ವರ್ಷದಿಂದ ಕೊಲೆ ಮಾಡ್ತಾ ಕೂತಿದೀನಾ?" ಅಂತ ಶುರು ಮಾಡಿದಳು. ರಾತ್ರಿ ಊಟದವರೆಗೂ ಅದೇ ಜಗಳ.

ಇದನ್ನು ಇಲ್ಲಿ ಕೇಳೋಕೆ ಇನ್ನೊಂದು ಕಾರಣ ಇದೆ. ಹೋದ ವಾರ ಒಬ್ಬ ಏಜೆಂಟ್ ಬಂದಿದ್ದ. "ಗಿಡಗಳು ವಾಸನೆಯಲ್ಲೇ ಮಾತಾಡ್ತವೆ ಸಾರ್, ಈ ದ್ರಾವಣ ಹೊಡೆದರೆ ಅಡಿಕೆ ಮರ ಮೊದಲೇ ಎಚ್ಚರ ಆಗುತ್ತೆ, ಕೊಳೆರೋಗ ಬರಲ್ಲ, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವೂ ಬೇಡ" ಅಂತ ಹೇಳಿ ಲೀಟರಿನ ಒಂದು ಬಾಟಲಿ ಬಿಟ್ಟು ಹೋಗಿದ್ದಾನೆ. ದುಡ್ಡು ಇನ್ನೂ ಕೊಟ್ಟಿಲ್ಲ. ಎರಡನೇ ಸಲದ ಬೋರ್ಡೋ ಹೊಡೆಯೋ ಹೊತ್ತು ಬಂತು. ಗಿಡ ವಾಸನೆಯಲ್ಲಿ ಮಾತಾಡೋದು ನಿಜವಾ? ನಿಜ ಆದರೆ ಈ ಬಾಟಲಿಯೂ ನಿಜವಾ?

ಆಗುಂಬೆ_ಮಳೆ
ಮೊದಲನೇದು ಗೊತ್ತಿಲ್ಲ. ಎರಡನೇದು ಸುಳ್ಳು. ಬಾಟಲಿ ವಾಪಸ್ ಕೊಡಿ ಮಾರಾಯ್ರೆ.

ಎಲೆಮರೆ_ಮೇಷ್ಟ್ರು
ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ಈಗ ಸಾಗರದಲ್ಲಿ ಸುಮ್ಮನೆ ಕೂತಿದ್ದೇನೆ. ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರಾದವರು ದಾಟಿ ಹೋಗಿ.

ನಿಮ್ಮ ಮಗಳು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಎಲೆ ಹರಿದ ಕೂಡಲೇ ಜೀವಕೋಶದ ಪೊರೆಯಲ್ಲಿದ್ದ ಲಿನೊಲೆನಿಕ್ ಆಮ್ಲ ಎಂಬ ಕೊಬ್ಬಿನ ಮೇಲೆ ಕಿಣ್ವಗಳು ಬಿದ್ದು ಅದನ್ನು ತುಂಡರಿಸುತ್ತವೆ. ಆಗ ಹುಟ್ಟೋದು ಆರು ಇಂಗಾಲದ ಸಣ್ಣ ಸಣ್ಣ ಅಣುಗಳು. ಅವುಗಳಲ್ಲಿ ಮುಖ್ಯವಾದದ್ದು ಹೆಕ್ಸೆನಾಲ್. ಕೊಚ್ಚಿದ ಹುಲ್ಲಿನ ವಾಸನೆ ಅಂದರೆ ಅದೇ. ಮುಂಚೆ ಮಾಡಿ ಇಟ್ಟುಕೊಂಡಿದ್ದಲ್ಲ, ಗಾಯ ಆದ ಕೆಲವೇ ಸೆಕೆಂಡಿನಲ್ಲಿ ತಯಾರಾಗಿದ್ದು. ಇಂಥ ಬೇಗ ಹಾರಿಹೋಗುವ ಇಂಗಾಲದ ಸಂಯುಕ್ತಗಳನ್ನೇ ಒಟ್ಟಾಗಿ 'ವಿಓಸಿ' ಅನ್ನುವುದು. ಮಲ್ಲಿಗೆ, ಏಲಕ್ಕಿ, ನೀಲಗಿರಿ ಎಲೆ, ಮಾವಿನ ಸೊನೆ ಎಲ್ಲ ಅದೇ ಕುಟುಂಬ. ಹೂವಿನ ಪರಿಮಳದಲ್ಲೇ 1,700ಕ್ಕೂ ಹೆಚ್ಚು ಬಗೆಯನ್ನು ಗುರುತಿಸಿದ್ದಾರೆ.

ಆದರೆ 'ಕೂಗು' ಅನ್ನಬೇಡಿ. ಯಾರೋ ಕೇಳಲಿ ಅಂತ ಕೂಗುವುದು ಬೇರೆ, ಪೆಟ್ಟಾದಲ್ಲಿ ರಕ್ತ ಬರುವುದು ಬೇರೆ. ಹೆಕ್ಸೆನಾಲ್ ಮೊದಲಿಗೆ ಗಾಯಕ್ಕೆ ಹಚ್ಚಿದ ಔಷಧಿ: ಬೂಸ್ಟು, ಬ್ಯಾಕ್ಟೀರಿಯಾ ಒಳಗೆ ಇಳಿಯದ ಹಾಗೆ ತಡೆಯುತ್ತದೆ. ಅದರ ವಾಸನೆ ಗಾಳಿಗೆ ಬಿತ್ತು, ಪಕ್ಕದ ಗಿಡ ಅದನ್ನು ಹಿಡಿದು ಎಚ್ಚರಾಯಿತು. ಅದನ್ನು ಮಾತು ಅನ್ನುವುದಕ್ಕಿಂತ ಬೇಲಿ ಆಚೆಯಿಂದ ಕಿವಿಗೊಟ್ಟಿದ್ದು ಅನ್ನಬಹುದು.

ಅಮ್ಮನಿಗೆ ಹೇಳಿ, ಕೊತ್ತಂಬರಿಯ ವಾಸನೆ ಹೆಕ್ಸೆನಾಲ್‌ನದ್ದಲ್ಲ. ಅದರಲ್ಲಿರುವುದು ಅದಕ್ಕಿಂತ ಉದ್ದನೆಯ ಆಲ್ಡಿಹೈಡುಗಳು. ತಿಗಣೆ ಜಾತಿಯ ಕೆಲವು ಹುಳ ಹಿಸುಕಿದಾಗ ಬರುವ ನಾತದಲ್ಲೂ ಅವೇ ಇರುತ್ತವೆ. ಕೆಲವರಿಗೆ ಕೊತ್ತಂಬರಿ ಆಗದೇ ಇರುವುದರ ಗುಟ್ಟು ಅಲ್ಲಿದೆ.

ನಿಟ್ಟೂರು_ತೋಟ
ತಿಗಣೆ ವಿಚಾರ ಅಮ್ಮನಿಗೆ ಹೇಳಲ್ಲ ಮೇಷ್ಟ್ರೇ. ಮನೇಲಿ ಸಾರು ಆಗಬೇಕು.

ಬೆಂಗಳೂರಲ್ಲಿ_ಮಲೆನಾಡಿಗ
ಗಿಡಕ್ಕೆ ಜೀವ ಇದೆ, ಭಾವನೆ ಇದೆ ಅಂತ ಜಗದೀಶ ಚಂದ್ರ ಬೋಸ್ ನೂರು ವರ್ಷದ ಹಿಂದೆಯೇ ತೋರಿಸಿದ್ದರಲ್ಲ? ಇದೇನು ಹೊಸದು?

ಎಲೆಮರೆ_ಮೇಷ್ಟ್ರು
ಬೋಸರ ಕೆಲಸ ದೊಡ್ಡದು, ಆದರೆ ಬೇರೆಯದು. ಅವರು ಅಳೆದದ್ದು ಗಿಡದೊಳಗಿನ ವಿದ್ಯುತ್ ಸ್ಪಂದನ ಮತ್ತು ಬೆಳವಣಿಗೆ. ಗಾಳಿಯಲ್ಲಿ ಹೋಗುವ ಸುದ್ದಿಯ ಕಥೆ ಶುರುವಾಗಿದ್ದು 1983ರಲ್ಲಿ. ಅಮೆರಿಕದ ಬಾಲ್ಡ್‌ವಿನ್ ಮತ್ತು ಶುಲ್ಟ್ಸ್ ಪಾಪ್ಲರ್, ಮೇಪಲ್ ಸಸಿಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಕೆಲವದರ ಎಲೆ ಹರಿದರು. ಹರಿಯದ ಪಕ್ಕದ ಸಸಿಗಳಲ್ಲೂ ರಕ್ಷಣೆಯ ರಸಾಯನಗಳು ಏರಿದವು. ಪತ್ರಿಕೆಗಳು 'ಮಾತಾಡುವ ಮರ' ಅಂತ ಹೆಡ್ಡಿಂಗ್ ಕೊಟ್ಟವು, ವಿಜ್ಞಾನಿಗಳು ಲೆಕ್ಕಾಚಾರ ಸರಿ ಇಲ್ಲ ಅಂತ ಬಹಳ ವರ್ಷ ಜಗಳ ಆಡಿದರು. 2000ದಲ್ಲಿ ಕಾರ್ಬನ್ ಎಂಬುವರು ಸೇಜ್‌ಬ್ರಷ್ ಎಂಬ ಪೊದೆಯ ಪಕ್ಕ ಬಯಲಲ್ಲೇ ಪ್ರಯೋಗ ಮಾಡಿ ತೋರಿಸಿದ ಮೇಲೆ ಗಲಾಟೆ ಕಮ್ಮಿಯಾಯಿತು.

2023ರಲ್ಲಿ ಜಪಾನಿನ ಟೊಯೋಟಾ (ಕಾರು ಕಂಪನಿ ಅಲ್ಲ, ವಿಜ್ಞಾನಿಯ ಹೆಸರು) ಅವರ ತಂಡ ಇದನ್ನು ಕಣ್ಣಿಗೇ ತೋರಿಸಿತು. ಬಾಟಲಿಯಲ್ಲಿ ಹುಳ ಎಲೆ ತಿನ್ನುತ್ತಿರುತ್ತದೆ, ಆ ಗಾಳಿಯನ್ನು ಪಂಪಿನಿಂದ ಇನ್ನೊಂದು ಗಿಡದ ಮೇಲೆ ಬಿಟ್ಟರು. ಕ್ಯಾಲ್ಸಿಯಂ ಏರಿದಲ್ಲಿ ಹೊಳೆಯುವ ಹಾಗೆ ಮಾರ್ಪಡಿಸಿದ ಗಿಡ ಅದು. ಮೊದಲು ಹೊಳೆದದ್ದು ಎಲೆಯ ಉಸಿರಾಟದ ರಂಧ್ರದ ಕಾವಲು ಕೋಶಗಳು. ಅಂದರೆ ಸುದ್ದಿ ಬಾಗಿಲಿನಿಂದಲೇ ಒಳಗೆ ಬಂತು.

ಜೋಳದ_ಹೊಲ_ಶಿಕಾರಿಪುರ
ನಮ್ಮ ಕಡೆ ಅಡಿಕೆಗಿಂತ ಮೆಕ್ಕೆಜೋಳ ಜಾಸ್ತಿ. ಲದ್ದಿ ಹುಳು (ಫಾಲ್ ಸೈನಿಕ ಹುಳು) ಭಾರತದಲ್ಲಿ ಮೊದಲು ಸಿಕ್ಕಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 2018ರ ಮೇ ತಿಂಗಳಲ್ಲಿ, ಇಲ್ಲಿನ ಕೃಷಿ ವಿಶ್ವವಿದ್ಯಾಲಯದವರ ಕಣ್ಣಿಗೆ ಬಿತ್ತು. ಆ ವರ್ಷ ನಮ್ಮ ಹೊಲದಲ್ಲಿ ಒಂದು ಸಾಲು ಬಿಡದೆ ಸುಳಿ ತಿಂದಿತ್ತು. ಗಿಡಕ್ಕೆ ಎಚ್ಚರ ಆಗುತ್ತೆ ಅಂದರೆ ನಮ್ಮ ಜೋಳಕ್ಕೆ ಯಾಕೆ ಆಗಲಿಲ್ಲ ಮೇಷ್ಟ್ರೇ? ಒಂದು ಗಿಡ ತಿಂದ ಮೇಲೆ ಪಕ್ಕದ್ದಾದರೂ ತಯಾರಾಗಬೇಕಿತ್ತಲ್ಲ?

ಎಲೆಮರೆ_ಮೇಷ್ಟ್ರು
ಈ ಇಡೀ ಚರ್ಚೆಯಲ್ಲಿ ಒಳ್ಳೇ ಪ್ರಶ್ನೆ ಇದು. ಜೋಳವೇ ಈ ವಿಜ್ಞಾನದ ಪ್ರಸಿದ್ಧ ಗಿಡ.

1990ರಲ್ಲಿ ಟರ್ಲಿಂಗ್ಸ್, ಟಮ್ಲಿನ್‌ಸನ್ ಮತ್ತವರ ಜೊತೆಗಾರರು ಸೈನಿಕ ಹುಳುವಿನ ಹತ್ತಿರದ ಸಂಬಂಧಿಯೊಂದನ್ನು ಜೋಳದ ಎಳೆ ಗಿಡಕ್ಕೆ ಬಿಟ್ಟರು. ಕೆಲವು ಗಂಟೆಗಳ ಮೇಲೆ ಗಿಡ ಟರ್ಪೀನು ಎಂಬ ವಿಓಸಿಗಳ ವಾಸನೆ ಬಿಡತೊಡಗಿತು, ಆ ವಾಸನೆ ಹಿಡಿದು ಸಣ್ಣ ಕಣಜಗಳು ಬಂದವು. ಈ ಕಣಜ ಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿಗಳು ಹುಳವನ್ನು ಒಳಗಿಂದ ತಿಂದು ಹೊರಬರುತ್ತವೆ. ಬ್ಲೇಡಿನಿಂದ ಎಲೆ ಗೀರಿದರೆ ಸಾಕಾಗಲಿಲ್ಲ. ಗೀರಿದ ಜಾಗಕ್ಕೆ ಹುಳದ ಜೊಲ್ಲು ಹಚ್ಚಿದರೆ ಗಿಡ ಪೂರ್ತಿ ವಾಸನೆ ಬಿಟ್ಟಿತು. ಜೊಲ್ಲಿನಲ್ಲಿದ್ದ ಆ ವಸ್ತುವನ್ನು 1997ರಲ್ಲಿ ಬೇರ್ಪಡಿಸಿ 'ವಾಲಿಸಿಟಿನ್' ಅಂತ ಹೆಸರಿಟ್ಟರು. ಗಾಯ ಕತ್ತಿಯದಾ, ಹುಳದ್ದಾ ಅಂತ ಗಿಡಕ್ಕೆ ಗೊತ್ತಾಗುತ್ತೆ ಅಂದ ಹಾಗಾಯಿತು.

ಹಾಗಾದರೆ ನಿಮ್ಮ ಹೊಲದಲ್ಲಿ ಏನಾಯಿತು? ಸುಳಿ ಬಿಡಿಸಿ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಏನು? ಹುಳ ಅಲ್ಲ, ಲದ್ದಿ. ಒದ್ದೆ ಮರದ ಪುಡಿಯ ಹಾಗೆ ಸುಳಿಯಲ್ಲಿ ತುಂಬಿರುತ್ತದೆ. ಬೇರೆ ಹುಳಗಳು ಲದ್ದಿ ನೆಲಕ್ಕೆ ಉದುರಿಸಿದರೆ ಇದು ಗಾಯದ ಮೇಲೆಯೇ ಇಟ್ಟುಕೊಂಡು ಕೂತಿರುತ್ತದೆ. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರ ಕಾರಣ ಹಿಡಿಯಿತು. ಜೋಳ ಬೂಸ್ಟಿನ ವಿರುದ್ಧ ಬಳಸುವ ಕೈಟಿನೇಸ್ ಎಂಬ ಪ್ರೋಟೀನು ಹುಳದ ಹೊಟ್ಟೆ ದಾಟಿ ಲದ್ದಿಯಲ್ಲಿ ಹಾಗೇ ಹೊರಬರುತ್ತದೆ. ಅದು ಗಾಯಕ್ಕೆ ತಾಗಿದಾಗ ಗಿಡ ಬೂಸ್ಟು ಬಂತು ಅಂತ ತಿಳಿದು ಆ ಕಡೆಯ ರಕ್ಷಣೆ ಏರಿಸುತ್ತದೆ, ಹುಳದ ವಿರುದ್ಧದ ರಕ್ಷಣೆ ಇಳಿಸುತ್ತದೆ. ಎರಡನ್ನೂ ಒಟ್ಟಿಗೆ ಪೂರ್ತಿ ಏರಿಸುವುದು ಗಿಡಕ್ಕೆ ಕಷ್ಟ. ಕಳ್ಳ ಹಿಂದಿನ ಬಾಗಿಲಲ್ಲಿ, ನಾಯಿ ಮುಂದಿನ ಬಾಗಿಲಲ್ಲಿ ಬೊಗಳುತ್ತಿದೆ. ಸಾಲದ್ದಕ್ಕೆ ಈ ಹುಳ ತಿಂದ ಜೋಳ, ಅದರ ಸಂಬಂಧಿ ಹುಳಗಳು ತಿಂದಾಗಿನಷ್ಟು ವಾಸನೆಯನ್ನೂ ಬಿಡುವುದಿಲ್ಲ.

ಜೋಳದ_ಹೊಲ_ಶಿಕಾರಿಪುರ
ಅಬ್ಬಾ! ಲದ್ದಿ ಹುಳು ಅಂತ ಹೆಸರಿಟ್ಟವರು ನಾವೇ, ಲದ್ದಿಯಲ್ಲೇ ಗುಟ್ಟು ಇದೆ ಅಂತ ಗೊತ್ತಿರಲಿಲ್ಲ. ಆ ವರ್ಷ ಸುಳಿಗೆ ಮರಳು-ಸುಣ್ಣ ಹಾಕಿದ್ದೆವು. ಜಡಿಮಳೆ ಶುರುವಾದ ಮೇಲೆ ಎಷ್ಟೋ ಹುಳಗಳು ಹಸಿರು ಬೂಸ್ಟು ಹಿಡಿದು ಎಲೆ ಮೇಲೆ ಸೆಟೆದುಕೊಂಡು ಸತ್ತಿದ್ದವು. ಉಪಕಾರ ಆಗಿದ್ದು ಅದರಿಂದಲೇ.

ಮಿಡಿಮನೆ_ಅಕ್ಕ
ಹುಳ, ಲದ್ದಿ ಸಾಕು. ನಾನು ಸೊನೆ ವಿಚಾರ ಹೇಳ್ತೇನೆ. ಮೂವತ್ತು ವರ್ಷದಿಂದ ಮಿಡಿ ಉಪ್ಪಿನಕಾಯಿ ಹಾಕ್ತಿದ್ದೇನೆ.

ಅಪ್ಪೆಮಿಡಿ (ಉಪ್ಪಿನಕಾಯಿಯ ಎಳೆ ಮಾವಿನಕಾಯಿ) ಕೊಯ್ಯುವಾಗ ತೊಟ್ಟು ಮುರಿಯಬಾರದು. ಒಂದೆರಡು ಇಂಚು ತೊಟ್ಟಿನ ಜೊತೆಗೇ ಕೊಯ್ದು ಬುಟ್ಟಿಗೆ ಇಳಿಸಬೇಕು. ತೊಟ್ಟು ಬುಡದಲ್ಲಿ ಕಿತ್ತುಬಂದರೆ ಸೊನೆ ಚಿಮ್ಮಿ ಬರುತ್ತೆ, ಕಣ್ಣಿಗೆ ಬಿದ್ದರೆ ಗತಿ ಇಲ್ಲ, ಕೆನ್ನೆಗೆ ಬಿದ್ದರೆ ಸುಟ್ಟ ಕಲೆ ವಾರ ಹೋಗಲ್ಲ. ನಾವು ಮರ ಪರೀಕ್ಷೆ ಮಾಡೋದೂ ಸೊನೆಯಲ್ಲೇ. ಒಂದು ಮಿಡಿ ಮುರಿದು ಸೊನೆಯನ್ನು ಬೆರಳಿಗೆ ಹಚ್ಚಿ ಮೂಸಿದರೆ ಗೊತ್ತಾಗುತ್ತೆ, ಜೀರಿಗೆ ವಾಸನೆಯಾ, ಕರ್ಪೂರವಾ, ಬರೀ ಹುಳಿಯಾ ಅಂತ. ಜೀರಿಗೆ ಅಪ್ಪೆ ಸೊನೆ ಹಳೇ ಸೀರೆ ಸೆರಗಿಗೆ ಒರೆಸಿಟ್ಟರೆ ಮಾರನೇ ದಿನವೂ ಘಮ್ ಅಂತಿರುತ್ತೆ. ಸೊನೆ ಹೋದ ಮಿಡಿ ಉಪ್ಪಿನಲ್ಲಿ ಬೇಗ ಮೆತ್ತಗಾಗುತ್ತೆ, ವರ್ಷ ನಿಲ್ಲಲ್ಲ. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿತು, ಆದರೆ ಹೊಳೆದಂಡೆ ಮರಗಳೇ ಕಮ್ಮಿಯಾಗ್ತಿವೆ ನೋಡಿ.

ನನ್ನ ಪ್ರಶ್ನೆ: ಮಾವಿಗೆ ಈ ಸೊನೆ ಯಾಕೆ? ಉಪ್ಪಿನಕಾಯಿ ಕೆಡದಿರಲಿ ಅಂತ ಅಂತೂ ಮರ ಮಾಡಿಟ್ಟಿರಲ್ಲ.

ಎಲೆಮರೆ_ಮೇಷ್ಟ್ರು
ಅಕ್ಕ, ಒಂದು ರೀತಿಯಲ್ಲಿ ಅದಕ್ಕೇ ಮಾಡಿಟ್ಟಿದ್ದು. ಹುಲ್ಲಿನ ವಾಸನೆ ಗಾಯ ಆದ ಮೇಲೆ ತಯಾರಾದರೆ, ಸೊನೆ ಮೊದಲೇ ತಯಾರಾಗಿ ನಾಳಗಳಲ್ಲಿ ಒತ್ತಡದಲ್ಲಿ ಕೂತಿರುತ್ತದೆ. ಅದಕ್ಕೇ ಚಿಮ್ಮುವುದು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮಾವಿನ ಸೊನೆಯನ್ನು ಬಿಡಿಸಿ ನೋಡಿದ್ದಾರೆ: ಮೈರ್ಸೀನ್, ಓಸಿಮೀನ್, ಲಿಮೊನೀನ್ ಅಂತ ಟರ್ಪೀನುಗಳು. ಯಾವುದು ಎಷ್ಟು ಅನ್ನುವುದು ತಳಿಯಿಂದ ತಳಿಗೆ ಬೇರೆ. ಎಳೆ ಕಾಯಿಗೆ ಮೊಟ್ಟೆ ಇಡಲು ಬಂದ ನೊಣ ಚುಚ್ಚಿದರೆ ಸೊನೆ ಉಕ್ಕಿ ಮೊಟ್ಟೆ ಮುಳುಗುತ್ತದೆ, ಬೂಸ್ಟು ಹಿಡಿಯದ ಹಾಗೆ ಗಾಯ ಮುಚ್ಚುತ್ತದೆ. ಕಾಯಿಗೆ ಬೇಕಾದ ಆ ಕೆಲಸವನ್ನೇ ನೀವು ಭರಣಿಯಲ್ಲೂ ಮಾಡಿಸಿಕೊಳ್ಳುತ್ತಿದ್ದೀರಿ.

ಹಿತ್ತಲ_ತುಳಸಿ
ನೊಣ ಅಂದಿದ್ದಕ್ಕೆ ನೆನಪಾಯ್ತು. ಮಾವಿನ ಹಣ್ಣುನೊಣಕ್ಕೆ ಮೀಥೈಲ್ ಯೂಜಿನಾಲ್ ಟ್ರ್ಯಾಪ್ ಕಟ್ತೀವಲ್ಲ, ಅದೂ ಗಿಡದ ವಾಸನೆಯೇ. ಕೆಲವು ಜಾತಿ ತುಳಸಿಯಲ್ಲಿ ಇದೆ. ನಮ್ಮ ಮನೇಲಿ ತುಳಸಿ ಜಜ್ಜಿ ತೆಂಗಿನ ಕರಟದಲ್ಲಿಟ್ಟು ಮಾವಿನ ಮರಕ್ಕೆ ಕಟ್ಟಿದ್ದೆ. ಮೊದಲ ದಿನ ಹದಿನೈದು-ಇಪ್ಪತ್ತು ನೊಣ ಬಂದು ಸುತ್ತಿದವು, ಎರಡನೇ ದಿನ ಮೂರು, ಮೂರನೇ ದಿನ ಇರುವೆ ಬಂದವು. ಟ್ರ್ಯಾಪಿಗೆ ಹಾಕೋ, ಅದೇ ವಸ್ತು ನೆನೆಸಿದ ಅಂಗಡಿಯ ತುಂಡು ತಿಂಗಳುಗಟ್ಟಲೆ ಎಳೆಯುತ್ತೆ. ಹಾರಿಹೋಗೋದನ್ನು ನಿಧಾನ ಮಾಡೋದೇ ಆ ತುಂಡಿನ ಕಸುಬು.

ಎಲೆಮರೆ_ಮೇಷ್ಟ್ರು
ಇದರ ಮೂಲವೂ ನಮ್ಮ ದೇಶದ್ದೇ. ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣ ಮುತ್ತುವುದನ್ನು 1912ರಲ್ಲಿ ಬರೆದರು. ಎಳೆಯುತ್ತಿರುವುದು ಅದರಲ್ಲಿನ ಮೀಥೈಲ್ ಯೂಜಿನಾಲ್ ಅಂತ 1915ರಲ್ಲಿ ತೋರಿಸಿದರು. ಬರುವುದು ಗಂಡು ನೊಣ ಮಾತ್ರ. ಅದನ್ನು ನೆಕ್ಕಿ, ಮೈಯಲ್ಲಿ ಬದಲಿಸಿಕೊಂಡು, ಹೆಣ್ಣನ್ನು ಕರೆಯುವ ಅತ್ತರು ಮಾಡಿಕೊಳ್ಳುತ್ತದೆ. ಕೆಲವು ಬಲ್ಬೋಫಿಲಮ್ ಸೀತಾಳೆಗಳು ಇದೇ ಅಣುವನ್ನು ತಯಾರಿಸಿ ಗಂಡು ನೊಣವನ್ನು ಕರೆದು ಅದರ ಬೆನ್ನಿಗೆ ಪರಾಗ ಅಂಟಿಸಿ ಕಳಿಸುತ್ತವೆ. ಹಾಗಲ, ಸೌತೆಯ ನೊಣಕ್ಕೆ ಈ ತುಂಡು ನಡೆಯುವುದಿಲ್ಲ, ಅದಕ್ಕೆ ಕ್ಯೂಲೂರ್ ಎಂಬ ಬೇರೆ ತುಂಡು ಕೇಳಿ ತನ್ನಿ.

ಬೆಂಗಳೂರಲ್ಲಿ_ಮಲೆನಾಡಿಗ
ನಮ್ಮಜ್ಜಿ ಮನೆ ಹಿತ್ತಲಲ್ಲಿ ಒಂದು ಮೇ ತಿಂಗಳು ಎರಡು ದಿನ ಸತ್ತ ಹೆಗ್ಗಣ ಹುಡುಕಿದ್ದೆವು. ಅಟ್ಟ ಇಳಿಸಿ, ಸೌದೆ ಕೊಟ್ಟಿಗೆ ಖಾಲಿ ಮಾಡಿ. ಕೊನೆಗೆ ನೋಡಿದರೆ ಸುವರ್ಣಗಡ್ಡೆ ಹೂ ಬಿಟ್ಟಿತ್ತು! ಎಲೆ ಇಲ್ಲ, ಬರೀ ನೆಲದಿಂದ ಎದ್ದ ನೇರಳೆ ಕೊಡೆ.

ಎಲೆಮರೆ_ಮೇಷ್ಟ್ರು
ಡೈಮೀಥೈಲ್ ಡೈಸಲ್ಫೈಡ್, ಟ್ರೈಸಲ್ಫೈಡ್. ಕೊಳೆಯುವ ಮಾಂಸದಿಂದ ಬರುವುದೂ ಅವೇ. ಹೆಣ ಹುಡುಕುವ ಜೀರುಂಡೆ, ನೊಣಗಳಿಗೆ ಹಾಕಿದ ಟೋಪಿ. ನೀವೂ ಅವುಗಳ ಸಾಲಿಗೆ ಸೇರಿದಿರಿ.

ಆಗುಂಬೆ_ಮಳೆ
ಮೊದಲ ಮಳೆಗೆ ಬರೋ ಮಣ್ಣಿನ ವಾಸನೆಯೂ ಗಿಡದ್ದಾ?

ಹಿತ್ತಲ_ತುಳಸಿ
ಅದು ಮುಖ್ಯವಾಗಿ ಜಿಯೋಸ್ಮಿನ್, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಮಾಡೋದು. ಒಣಗಿದ ಕಲ್ಲು-ಮಣ್ಣಿಗೆ ಅಂಟಿದ ಗಿಡದ ಎಣ್ಣೆಗಳೂ ಸ್ವಲ್ಪ ಸೇರುತ್ತವೆ.

ಆಗುಂಬೆ_ಮಳೆ
ಮತ್ತೆ ನಮ್ಮ ಸೂರ್ಯಾಸ್ತದ ಜಾಗದಿಂದ ಕಾಣೋ ನೀಲಿ ಮಬ್ಬು ಮರಗಳ ವಾಸನೆಯಿಂದಲೇ ಆಗೋದು ಅಂತ ಒಬ್ಬ ಟೂರಿಸ್ಟ್ ಹೇಳ್ತಿದ್ದ. ಸರಿಯಾ?

ಎಲೆಮರೆ_ಮೇಷ್ಟ್ರು
ಮರಗಳ ಆವಿಯಿಂದ ನೀಲಿ ಮಬ್ಬು ಏಳುತ್ತದೆ ಅಂತ ವೆಂಟ್ ಎಂಬ ವಿಜ್ಞಾನಿ 1960ರಲ್ಲಿ ಬರೆದದ್ದು ಹೌದು. ಟರ್ಪೀನುಗಳು ಗಾಳಿಯಲ್ಲಿ ಉತ್ಕರ್ಷಗೊಂಡು ಸೂಕ್ಷ್ಮ ಕಣಗಳಾಗುತ್ತವೆ, ಮೋಡದ ಹನಿ ಕಟ್ಟಲೂ ಅಂಥ ಕಣ ಬೇಕು. ಆದರೆ ಆಗುಂಬೆಯಲ್ಲಿ ವರ್ಷದ ಅರ್ಧ ನಿಮ್ಮ ಕಣ್ಣಿಗೆ ಕಾಣುವುದು ಬರೀ ನೀರು, ಮಂಜು. ಅದರ ಪುಣ್ಯ ಮರಕ್ಕೆ ಕಟ್ಟುವುದು ಬೇಡ.

ಇಲ್ಲಿ ಐಸೊಪ್ರೀನ್ ಎಂಬ ಇನ್ನೊಂದು ವಿಓಸಿ ಬಗ್ಗೆ ಒಂದು ಮಾತು. ಗಿಡಗಳು ಬಿಡುವ ವಿಓಸಿಗಳಲ್ಲಿ ಪ್ರಮಾಣದಲ್ಲಿ ಎಲ್ಲಕ್ಕಿಂತ ಹೆಚ್ಚಿನದು ಅದೇ, ಜಗತ್ತಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಇಂಗಾಲ. ನೀಲಗಿರಿ ಬಿಡುತ್ತದೆ, ಬಿದಿರು ಬಿಡುತ್ತದೆ, ಎಷ್ಟೋ ಗಿಡಗಳು ಬಿಡುವುದೇ ಇಲ್ಲ. ಬಿಸಿಲು ಏರಿದಂತೆ ಬಿಡುವುದೂ ಏರುತ್ತದೆ. ಕಷ್ಟಪಟ್ಟು ಸಂಪಾದಿಸಿದ ಇಂಗಾಲವನ್ನು ಹೀಗೆ ಗಾಳಿಗೆ ಚೆಲ್ಲುವುದು ಯಾಕೆ ಅಂದರೆ, ಹಠಾತ್ ಬಿಸಿಯಲ್ಲಿ ಎಲೆಯೊಳಗಿನ ಅಡುಗೆಮನೆ ಕೆಡದ ಹಾಗೆ ಅದು ಕಾಪಾಡುತ್ತದೆ. ಯಾರಿಗೂ ಸುದ್ದಿ ಹೇಳುವುದಕ್ಕಲ್ಲ.

ಬೆಂಗಳೂರಲ್ಲಿ_ಮಲೆನಾಡಿಗ
ಅದೇ ಐಸೊಪ್ರೀನ್ ವಾಹನದ ಹೊಗೆ ಜೊತೆ ಸೇರಿ ಓಝೋನ್ ಆಗುತ್ತಂತೆ. ಹಾಗಾದರೆ ಮರದಿಂದಲೂ ಮಾಲಿನ್ಯ?

ಹಿತ್ತಲ_ತುಳಸಿ
ಹೊಗೆಯ ನೈಟ್ರೋಜನ್ ಆಕ್ಸೈಡ್ ಇಲ್ಲದಿದ್ದರೆ ಆ ಓಝೋನ್ ಆಗಲ್ಲ ಅಣ್ಣ. ಹೊಗೆ ನಿಮ್ಮೂರಿಂದು.

ನಿಟ್ಟೂರು_ತೋಟ
ಎಲ್ಲ ಓದಿದೆ. ಮಗಳಿಗೂ ಓದಿಸಿದೆ, ಕೂಗು ಅನ್ನೋದನ್ನು ಬಿಟ್ಟಿದ್ದಾಳೆ. ಬಾಟಲಿ ವಿಚಾರ ಮಾತ್ರ ಯಾರೂ ಪೂರ್ತಿ ಹೇಳಲಿಲ್ಲ. ಇವತ್ತು ಮುಚ್ಚಳ ತೆಗೆದು ಮೂಸಿದೆ. ಎಲ್ಲೋ ಗೊತ್ತಿರೋ ವಾಸನೆ. ಅಮ್ಮನ ಮೂಗಿಗೆ ಹಿಡಿದೆ, ಒಂದೇ ಸಲಕ್ಕೆ ಹೇಳಿದಳು: "ಇದು ನಾ ಮಂಡಿಗೆ ಹಚ್ಚೋ ನೋವಿನ ಮುಲಾಮು."

ಎಲೆಮರೆ_ಮೇಷ್ಟ್ರು
ಅಮ್ಮನ ಮೂಗಿಗೆ ನಮಸ್ಕಾರ. ಅದು ಮೀಥೈಲ್ ಸ್ಯಾಲಿಸಿಲೇಟ್ ಇರಬೇಕು. ಏಜೆಂಟ್ ಕಥೆ ಪೂರಾ ಗಾಳಿಯಿಂದ ಹುಟ್ಟಿದ್ದಲ್ಲ. ತಂಬಾಕಿನ ಗಿಡಕ್ಕೆ ಮೊಸಾಯಿಕ್ ವೈರಸ್ ತಗುಲಿದಾಗ ಅದು ಇದನ್ನು ಗಾಳಿಗೆ ಬಿಡುತ್ತದೆ, ಪಕ್ಕದ ಆರೋಗ್ಯವಂತ ಗಿಡ ಹೀರಿಕೊಂಡು ಸ್ಯಾಲಿಸಿಲಿಕ್ ಆಮ್ಲ ಮಾಡಿಕೊಂಡು ರೋಗಕ್ಕೆ ತಯಾರಾಗುತ್ತದೆ ಅಂತ 1997ರಲ್ಲಿ ತೋರಿಸಿದ್ದಾರೆ.

ಆದರೆ ಅದು ತಂಬಾಕು, ವೈರಸ್, ಮುಚ್ಚಿದ ಜಾಗ. ನಿಮ್ಮದು ಅಡಿಕೆ, ಕೊಳೆ ತರುವ ಫೈಟೊಫ್ತೊರಾ, ನಿಟ್ಟೂರಿನ ಜುಲೈ ಗಾಳಿ. ಐವತ್ತು ಅಡಿ ಎತ್ತರದ ಗೊನೆಯ ಮೇಲೆ ಹಾರಿಹೋಗುವ ವಸ್ತು ಎಷ್ಟು ಹೊತ್ತು ನಿಂತೀತು? ಬೋರ್ಡೋ ಕೆಲಸ ಮಾಡುವುದು ಹಾರಿಹೋಗದೆ ಕಾಯಿಗೆ ಅಂಟಿ ಕೂರುವುದರಿಂದ. ಏಜೆಂಟ್‌ಗೆ ಎರಡೇ ಪ್ರಶ್ನೆ ಕೇಳಿ: ಲೇಬಲ್ ಮೇಲೆ ನೋಂದಣಿ ಸಂಖ್ಯೆ ಎಲ್ಲಿದೆ? ಅಡಿಕೆ ತೋಟದಲ್ಲಿ, ಮಳೆಗಾಲದಲ್ಲಿ, ಹೊಡೆಯದ ಮರಗಳ ಜೊತೆ ಹೋಲಿಸಿ ನೋಡಿದ್ದು ಎಲ್ಲಿದೆ?

ಆಗುಂಬೆ_ಮಳೆ
ನಾನು ಎರಡನೇ ಪೋಸ್ಟಲ್ಲೇ ಹೇಳಿದ್ದೆ.

ಎಲೆಮರೆ_ಮೇಷ್ಟ್ರು
ಹೇಳಿದ್ದಿರಿ, ಕಾರಣ ಹೇಳಿರಲಿಲ್ಲ. ಇನ್ನೊಂದು. ಬೋರ್ಡೋಗೆ ಅಂಟು ಬರಲಿ ಅಂತ ರಾಳ ಹಾಕುತ್ತೀರಲ್ಲ, ಅದು ಪೈನ್ ಮರದ ಸೊನೆ. ತೊಗಟೆಗೆ ಗಾಯ ಆದಾಗ ಪೈನ್ ಅದನ್ನು ಸುರಿಸುತ್ತದೆ. ಹಾರುವ ಭಾಗ ಟರ್ಪಂಟೈನ್ ಆಗಿ ಹೋಗುತ್ತದೆ, ಉಳಿದದ್ದು ಗಟ್ಟಿಯಾಗಿ ಗಾಯ ಮುಚ್ಚುತ್ತದೆ. ಆ ಗಟ್ಟಿ ಭಾಗವೇ ನಿಮ್ಮ ರಾಳ.

ನಿಟ್ಟೂರು_ತೋಟ
ಏಜೆಂಟ್‌ಗೆ ಫೋನ್ ಮಾಡಿ ಎರಡೂ ಪ್ರಶ್ನೆ ಕೇಳಿದೆ. "ಸಾರ್, ನೆಟ್‌ವರ್ಕ್ ಇಲ್ಲ" ಅಂದ. ನಮ್ಮೂರಲ್ಲಿ ಇಲ್ಲದಿರೋದು ನಿಜ, ಅವನಿದ್ದದ್ದು ಶಿವಮೊಗ್ಗದಲ್ಲಿ. ಬಾಟಲಿಯನ್ನು ನಾಳೆ ಬಸ್ಸಿನವರ ಕೈಲಿ ಕಳಿಸ್ತೇನೆ.

ಮೈಲುತುತ್ತ ನೆನೆಹಾಕಿದ್ದಾಯ್ತು. ಈಗ ಬಚ್ಚಲ ಒಲೆ ಮೇಲೆ ಸೋಡಾ ಹಾಕಿ ರಾಳ ಕಾಯಿಸ್ತಾ ಇದ್ದೇನೆ. ಇಷ್ಟು ವರ್ಷ ಮೂಗು ಮುಚ್ಚಿಕೊಂಡು ಮಾಡ್ತಿದ್ದ ಕೆಲಸ, ಇವತ್ತು ಮಗಳು ಪಕ್ಕದಲ್ಲಿ ನಿಂತು ಮೂಸ್ತಿದ್ದಾಳೆ. ಟರ್ಪಂಟೈನ್ ವಾಸನೆ ಇನ್ನೂ ಸ್ವಲ್ಪ ಉಳಿದಿದೆ ಅಂತಾಳೆ. ನನಗೆ ಹೊಗೆ ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರ ಗುರುವಾರ ಬರ್ತಾನೆ, ಮಳೆ ಬಿಟ್ಟರೆ.